ಮಗಳ ಮೊದಲ ಜಿಂಕೆ ಬೇಟೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೋವಿ ಹಿಡಿದು ಜಿಂಕೆ ಬೇಟೆಯಾಡುವ ಮುಖ್ಯ ಋತು 9 ದಿನಗಳದು. ನವೆಂಬರ್ ತಿಂಗಳ ಥ್ಯಾಂಕ್ಸ್‌ಗಿವಿಂಗ್ ಗುರುವಾರಕ್ಕೆ ಮುಂಚಿನ ಶನಿವಾರ ಅದು ಶುರುವಾಗಿ, ಹಬ್ಬ ಕಳೆದ ಭಾನುವಾರ ಮುಗಿಯುತ್ತದೆ. ಆ 9 ದಿನಗಳಿಗಾಗಿ 5 ಲಕ್ಷಕ್ಕೂ ಹೆಚ್ಚು ಜನ ಪರವಾನಗಿ ಕೊಳ್ಳುತ್ತಾರೆ. ಅನೇಕ ಕುಟುಂಬಗಳಲ್ಲಿ ರಜೆಯ ಲೆಕ್ಕಾಚಾರವೆಲ್ಲ ಆ ವಾರದ ಸುತ್ತಲೇ ನಡೆಯುತ್ತದೆ. ಇದಕ್ಕೆ ಸುಮಾರು ಒಂದೂವರೆ ತಿಂಗಳು ಮೊದಲು, ಅಕ್ಟೋಬರಿನ ಒಂದು ಶನಿವಾರ ಮತ್ತು ಭಾನುವಾರವನ್ನು 15 ವರ್ಷ ಹಾಗೂ ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೆಂದೇ ಮೀಸಲಿಟ್ಟಿದ್ದಾರೆ. ನನ್ನ 11 ವರ್ಷದ ಮಗಳನ್ನು ಈ ಎರಡೂ ಋತುಗಳಲ್ಲಿ ಮೊದಲ ಬಾರಿಗೆ ಕಾಡಿಗೆ ಕರೆದೊಯ್ದೆ. ಗುಂಡು ಹಾರಿಸಿದ ಕ್ಷಣಕ್ಕಿಂತ ಅದರ ಹಿಂದಿನ ತಿಂಗಳುಗಳೂ ಮುಂದಿನ ವಾರಗಳೂ ನಮ್ಮಿಬ್ಬರಿಂದ ಹೆಚ್ಚಿನದನ್ನು ಬೇಡಿದ್ದರಿಂದ, ಎಲ್ಲವನ್ನೂ ಕ್ರಮವಾಗಿಯೇ ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟದ ಮನೆಯೊಂದರಲ್ಲಿ. ಅಲ್ಲಿ ಕೋವಿ ಅಪರೂಪದ ವಸ್ತುವಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಜೋಡುನಳಿಗೆ ಮನೆಯಲ್ಲಿತ್ತು. ಪ್ರತಿ ಚುನಾವಣೆಗೂ ಅದನ್ನು ಪೊಲೀಸ್ ಠಾಣೆಗೆ ಒಯ್ದು ಠೇವಣಿ ಇಟ್ಟು, ಎಲ್ಲ ಮುಗಿದ ಮೇಲೆ ಬಿಡಿಸಿಕೊಂಡು ಬರುವುದು ಅಪ್ಪನ ಕೆಲಸವಾಗಿತ್ತು. ಅಜ್ಜನ ಕಾಲದಲ್ಲಿ ಗದ್ದಲ ಮಾಡಿ ಪ್ರಾಣಿಗಳನ್ನು ಹೊರಡಿಸಲು ಸೋವು ಬಿಡುತ್ತಿದ್ದರು, ಅಡಗಿ ಕಾಯಲು ಮರಸು ಕೂರುತ್ತಿದ್ದರು, ಸಿಕ್ಕಿದ್ದನ್ನು ಹೋದವರಿಗೆಲ್ಲ ಪಾಲು ಹಾಕುತ್ತಿದ್ದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದೆಲ್ಲ ಅಪರಾಧವಾಯಿತು. ಹಾಗಾದದ್ದು ಸರಿಯೇ ಎಂದು ನಾನು ದೃಢವಾಗಿ ನಂಬಿದ್ದೇನೆ, ಏಕೆಂದರೆ ನಮ್ಮ ಕಾಡಿನ ಚುಕ್ಕೆ ಜಿಂಕೆ, ಕಡವೆಗಳೆಲ್ಲ ಹುಲಿ, ಚಿರತೆ, ಸೀಳುನಾಯಿಗಳ ಅನ್ನ. ಅವುಗಳ ತಟ್ಟೆಗೆ ಮನುಷ್ಯ ಕೈಹಾಕಿದ್ದರ ಫಲವನ್ನು ಆ ಹೊತ್ತಿಗಾಗಲೇ ದೇಶ ಕಂಡಿತ್ತು. ಆದರೆ ಯಾವ ಕಾಲದಲ್ಲೂ ನಮ್ಮ ಕಡೆ ಹೆಣ್ಣುಮಕ್ಕಳನ್ನು ಶಿಕಾರಿಗೆ ಕರೆದೊಯ್ದದ್ದನ್ನು ನಾನು ಕೇಳಿಲ್ಲ. ಅಮ್ಮ, ಅಜ್ಜಿಯರ ಪಾಲಿಗೆ ಬರುತ್ತಿದ್ದದ್ದು ಮಾಂಸ ಮತ್ತು ಮಸಾಲೆ ಅರೆಯುವ ಕಲ್ಲು ಮಾತ್ರ. ನಾನು ಕೋವಿ ಹಿಡಿದದ್ದು, ಕಾಡಿನಲ್ಲಿ ಅಲುಗಾಡದೆ ಕೂರಲು ಕಲಿತದ್ದು ಎಲ್ಲವೂ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ.

ದಕ್ಷಿಣ ವಿಸ್ಕಾನ್ಸಿನ್ನಿನ ಲೆಕ್ಕ ನಮ್ಮೂರಿನ ಲೆಕ್ಕಕ್ಕಿಂತ ಬೇರೆ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಮಾಂಸದ ವ್ಯಾಪಾರಕ್ಕಾಗಿ ಎಗ್ಗಿಲ್ಲದೆ ಬೇಟೆಯಾಡಿ, ಈ ಭಾಗದಲ್ಲಿ ಬಿಳಿಬಾಲದ ಜಿಂಕೆಯನ್ನು ಬಹುತೇಕ ಅಳಿಸಿಹಾಕಿದ್ದರು. 1900ರ ಲೇಸಿ ಕಾಯ್ದೆ ಅಕ್ರಮ ಬೇಟೆಮಾಂಸವನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ತಡೆಯಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದೂಕು ಮತ್ತು ತೋಟೆಗಳ ಮೇಲಿನ ಅಬಕಾರಿ ತೆರಿಗೆಯನ್ನು ವನ್ಯಜೀವಿಗಳ ಪುನರುಜ್ಜೀವನಕ್ಕೆ ತಿರುಗಿಸಿತು. ಜಿಂಕೆ ಮರಳಿ ಬಂತು, ಆದರೆ ತೋಳ ಈ ಕೃಷಿಭೂಮಿಗೆ ಹಾಗೆ ಮರಳಲಿಲ್ಲ. ಅದು ಇಂದಿಗೂ ಹೆಚ್ಚಾಗಿ ಉತ್ತರದ ಮತ್ತು ನಡುಭಾಗದ ಕಾಡುಗಳಲ್ಲಿಯೇ ಇದೆ. 1933ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ವನ್ಯಪ್ರಾಣಿ ನಿರ್ವಹಣೆಯ ಪ್ರಾಧ್ಯಾಪಕರಾದ ಆಲ್ಡೊ ಲಿಯೋಪೋಲ್ಡ್, ಜಿಂಕೆಗಳು ಅತಿಯಾಗಿ ಕಾಡಿನ ಎಳೆ ಗಿಡಗಳನ್ನೇ ಮುಗಿಸುತ್ತಿವೆ, ಕೊಂಬಿನ ಗಂಡನ್ನಷ್ಟೇ ಹೊಡೆದರೆ ಸಾಲದು, ಹೆಣ್ಣನ್ನೂ ಹೊಡೆಯಬೇಕು ಎಂದು 1940ರ ದಶಕದಲ್ಲಿ ವಾದಿಸಿ ಜನರ ಸಿಟ್ಟಿಗೆ ಗುರಿಯಾದರು. ಇಂದು ರಾಜ್ಯದಲ್ಲಿ 15 ಲಕ್ಷಕ್ಕೂ ಹೆಚ್ಚು ಜಿಂಕೆಗಳಿವೆ ಎಂಬುದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಅಂದಾಜು. ನನ್ನ ಮಗಳಿಗೆ ಸಿಕ್ಕ ಅನುಮತಿಯೂ ನಮ್ಮ ಕೌಂಟಿಯ ಕೊಂಬಿಲ್ಲದ ಒಂದು ಜಿಂಕೆಗೇ, ಅಂದರೆ ಹೆಣ್ಣಿಗೋ ಮರಿಗೋ. ಇದನ್ನೆಲ್ಲ ಅವಳಿಗೆ ಮೊದಲೇ ವಿವರಿಸಿದ್ದೆ. ತಾನು ಏನು ಮಾಡಲು ಹೊರಟಿದ್ದೇನೆ, ಏಕೆ ಹೊರಟಿದ್ದೇನೆ ಎಂದು ತಿಳಿಯದ ಮಗುವಿನ ಕೈಗೆ ಕೋವಿ ಕೊಡುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಮಗಳೇ ಬರುತ್ತೇನೆಂದು ಕೇಳಿದ್ದಳು. ನಾನಾಗಿ ಕರೆದಿರಲಿಲ್ಲ, ಕರೆಯಲೂ ಬಾರದು. ಇಲ್ಲಿನ ನಿಯಮದಂತೆ 1973ರ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರು ಬೇಟೆಗಾರರ ಸುರಕ್ಷತಾ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆಯಬೇಕು. ಅದಿಲ್ಲದ ಮಕ್ಕಳಿಗೆ 2009ರಿಂದ ಮೆಂಟರ್ ಪರವಾನಗಿ ಎಂಬ ಇನ್ನೊಂದು ದಾರಿ ಇದೆ: ತರಬೇತಿ ಪಡೆದ ಹಿರಿಯರೊಬ್ಬರು ಸದಾ ಕೈಗೆಟುಕುವ ಅಂತರದಲ್ಲಿ ಜೊತೆಗಿರಬೇಕು. ಆಗ ಕನಿಷ್ಠ ವಯಸ್ಸು 10 ಎಂದಿತ್ತು. 2017ರಲ್ಲಿ ವಯಸ್ಸಿನ ಮಿತಿಯನ್ನೂ, ಇಬ್ಬರ ನಡುವೆ ಒಂದೇ ಕೋವಿ ಇರಬೇಕೆಂಬ ಷರತ್ತನ್ನೂ ತೆಗೆದುಹಾಕಿದರು. ಆ ಹಳೆಯ ಷರತ್ತು ತುಂಬ ವಿವೇಕದ್ದಾಗಿತ್ತು ಎಂದು ನನಗನ್ನಿಸುತ್ತದೆ. ಕಾನೂನು ಬಿಟ್ಟರೂ ನಾನು ಅದನ್ನು ಬಿಡಲಿಲ್ಲ. ಎರಡೂ ಋತುಗಳಲ್ಲಿ ನಮ್ಮಲ್ಲಿದ್ದದ್ದು ಒಂದೇ ಕೋವಿ, ಅದು ಅವಳದು. ನನ್ನ ಎರಡೂ ಕೈ ಖಾಲಿ ಇರಬೇಕಿತ್ತು. ಇಲ್ಲಿರುವ ಕನ್ನಡಿಗರಿಗಾಗಿ ಒಂದು ಮಾತು ಸೇರಿಸಬೇಕು: ಎಚ್-1ಬಿ ತರಹದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟೆಗಳನ್ನಾಗಲಿ ಹೊಂದುವುದನ್ನು ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ, ಊರ್ಜಿತದಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಸ್ನೇಹಿತರ ಕೋವಿಯನ್ನು ಸುಮ್ಮನೆ ಕೈಯಲ್ಲಿ ಹಿಡಿಯುವ ಮೊದಲು ಇದನ್ನು ನೆನಪಿಡಬೇಕು.

ಏಪ್ರಿಲ್‌ನಲ್ಲಿ ಶುರುವಾದ ನಮ್ಮ ತಯಾರಿಯಲ್ಲಿ ಬಹುಕಾಲ ತೋಟೆಯೇ ಇರಲಿಲ್ಲ. ವಿಸ್ಕಾನ್ಸಿನ್ನಿನ ತರಬೇತಿಯಲ್ಲಿ ಎಲ್ಲರಿಗೂ ಬಾಯಿಪಾಠ ಮಾಡಿಸುವ ನಾಲ್ಕು ನಿಯಮಗಳಿವೆ: ಪ್ರತಿ ಕೋವಿಯಲ್ಲೂ ತೋಟೆ ಇದೆಯೆಂದೇ ತಿಳಿ; ನಳಿಗೆಯ ಬಾಯಿ ಸದಾ ಅಪಾಯವಿಲ್ಲದ ಕಡೆಗೇ ಇರಲಿ; ಗುರಿಯನ್ನೂ ಗುರಿಯ ಹಿಂದೆ ಏನಿದೆ ಎಂಬುದನ್ನೂ ಖಚಿತಪಡಿಸಿಕೋ; ಹೊಡೆಯಲು ಸಿದ್ಧವಾಗುವವರೆಗೆ ಬೆರಳನ್ನು ಟ್ರಿಗರಿನ ಬಳೆಯ ಹೊರಗಿಡು. ಇವನ್ನು ಬಾಯಿಯಲ್ಲಿ ಹೇಳುವುದಕ್ಕೂ ಮೈಗೆ ಬರುವುದಕ್ಕೂ ಬಹಳ ದೂರ. ಖಾಲಿ ಕೋವಿ ಹಿಡಿದು ಹಿತ್ತಿಲ ಬೇಲಿ ದಾಟುವುದು, ದಾಟುವ ಮೊದಲು ಬೋಲ್ಟ್ (ತೋಟೆ ಏರಿಸುವ ಅಗುಳಿ) ತೆರೆದು ತೋರಿಸುವುದು, ಕೋವಿಯನ್ನು ನನ್ನ ಕೈಗೆ ಕೊಡುವುದು, ಮತ್ತೆ ತೆಗೆದುಕೊಳ್ಳುವುದು, ಇಷ್ಟನ್ನೇ ಮಾಡಿಸಿದೆ. ಬೇಸರವೆಂದು ಅವಳು ಹೇಳಿದಳು, ನಿಜಕ್ಕೂ ಬೇಸರದ ಕೆಲಸವೇ. ಆದರೆ ಯಾರೋ ಕರೆದಾಗ ತಟ್ಟನೆ ತಿರುಗಿದರೂ ಅವಳ ನಳಿಗೆ ಮಾತ್ರ ನೆಲದತ್ತಲೇ ನಿಂತ ದಿನ, ಮುಂದಿನ ಹಂತಕ್ಕೆ ಹೋಗಬಹುದೆಂದು ನನಗೆ ಖಾತ್ರಿಯಾಯಿತು.

ಮೊದಲು ಸಣ್ಣ ತೋಟೆಯ .22 ಕೋವಿ, ಬೇಸಿಗೆ ಕಳೆದ ಮೇಲೆ ಜಿಂಕೆ ಬೇಟೆಗಾಗುವ .243 ಕೋವಿ. ಮಕ್ಕಳ ಭುಜಕ್ಕೆ ಹೊಂದುವಂತೆ ಬುಡ ಗಿಡ್ಡವಾಗಿರುವ ಕೋವಿಯೇ ಬೇಕು. ದೊಡ್ಡವರ ಕೋವಿ ಕೊಟ್ಟರೆ ಕತ್ತು ಚಾಚಿ ಸ್ಕೋಪಿನಲ್ಲಿ ಇಣುಕುವುದರಲ್ಲೇ ಗುರಿ ತಪ್ಪುತ್ತದೆ, ಒದೆತ ಬಿದ್ದ ಭಯ ಬಹುಕಾಲ ಹೋಗುವುದಿಲ್ಲ. ಸೀಸದ ಬದಲು ತಾಮ್ರದ ಗುಂಡುಗಳನ್ನೇ ತಂದೆ. ಸೀಸದ ಗುಂಡು ಒಡೆದು ಅದರ ಸಣ್ಣ ಚೂರುಗಳು ಗಾಯದಿಂದ ದೂರದ ಮಾಂಸದಲ್ಲೂ ಸೇರಿಕೊಳ್ಳುತ್ತವೆ. 2008ರಲ್ಲಿ ನಾರ್ತ್ ಡಕೋಟದಲ್ಲಿ ದಾನಕ್ಕೆ ಬಂದ ಜಿಂಕೆ ಮಾಂಸದಲ್ಲಿ ಅಂಥ ಚೂರುಗಳು ಕಂಡು, ಅದನ್ನು ಹಂಚಬೇಡಿರೆಂದು ಅಧಿಕಾರಿಗಳು ಸೂಚಿಸಿದ್ದರು. ಮಕ್ಕಳು ತಿನ್ನುವ ಮಾಂಸಕ್ಕೆ ಇಷ್ಟು ಎಚ್ಚರಿಕೆ ಸಾಲದೆನ್ನುವವರು ಇರಬಹುದು, ಹೆಚ್ಚಾಯಿತು ಎನ್ನುವವರನ್ನು ನಾನು ಒಪ್ಪಲಾರೆ.

ಗುರಿಗೆ ಬಳಸಿದ್ದು ಹುಟ್ಟುಹಬ್ಬದ ಕಾಗದದ ತಟ್ಟೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳು ಸೇರಿ ಹೆಚ್ಚುಕಡಿಮೆ ಅಷ್ಟೇ ಜಾಗ ಹಿಡಿಯುತ್ತವೆ. ಯಾವ ಅಂತರದಿಂದ ಹೊಡೆದರೆ ಎಲ್ಲ ಗುಂಡುಗಳೂ ಆ ತಟ್ಟೆಯೊಳಗೇ ಬೀಳುತ್ತವೆಯೋ ಅದೇ ಅವಳ ಮಿತಿ ಎಂದು ಗೆರೆ ಹಾಕಿದೆ. ಅದು 75 ಗಜಕ್ಕೆ ನಿಂತಿತು. ಸಂಜೆ ಊಟದ ಮೇಜಿನ ಮೇಲೆ ಜಿಂಕೆಯ ಚಿತ್ರಗಳನ್ನು ಹರಡಿಕೊಂಡು, ಅಡ್ಡಲಾಗಿ ನಿಂತಾಗ ಮುಂಗಾಲಿನ ಹಿಂದೆ ಮೈಯ ಕೆಳಗಿನ ಮೂರನೆಯ ಒಂದು ಭಾಗದ ಮೇಲೆ ಎಲ್ಲಿ ಗುರಿ, ಸ್ವಲ್ಪ ಆಚೆ ತಿರುಗಿ ನಿಂತಾಗ ಎಲ್ಲಿ, ನಮ್ಮತ್ತ ಮುಖ ಮಾಡಿದಾಗ ಏಕೆ ಹೊಡೆಯಲೇಬಾರದು ಎಂದೆಲ್ಲ ಚರ್ಚಿಸಿದೆವು. ಬಣ್ಣದ ಪೆನ್ಸಿಲಿನಲ್ಲಿ ಅವಳೇ ಶ್ವಾಸಕೋಶಗಳನ್ನು ಬಿಡಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಮಾಂಸ ಮುಟ್ಟದ ನನ್ನ ಗಂಡನಿಗೆ ಅದನ್ನು ದಿನವೂ ನೋಡುವುದು ಕಷ್ಟವಾಗಿರಬೇಕು; ಆದರೂ ಅವರು ತೆಗೆಯಿರಿ ಎನ್ನಲಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಒಪ್ಪಂದವೊಂದನ್ನು ಸೆಪ್ಟೆಂಬರಿನಲ್ಲಿ ಮಾಡಿಕೊಂಡೆವು. ನಾನು "ತಾಳು" ಎಂದರೆ ಬೆರಳು ಹೊರಗೆ ಬರಬೇಕು, ಪ್ರಶ್ನೆ ಆಮೇಲೆ. ಅವಳು "ಬೇಡ" ಎಂದರೆ ಅಲ್ಲಿಗೆ ಮುಗಿಯಿತು, ಏಕೆ ಎಂದು ನಾನು ಕೇಳಕೂಡದು, ಆಗಲೂ ಕೇಳಕೂಡದು, ಮನೆಗೆ ಬಂದ ಮೇಲೂ ಕೇಳಕೂಡದು. ಮೊದಲ ಬೇಟೆಗೆ ಹೋದ ಮಕ್ಕಳ ಕಥೆಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ಹಿರಿಯರು ಹಿಂದಿನಿಂದ "ಹೊಡಿ, ಹೊಡಿ" ಎಂದು ಪಿಸುಗುಟ್ಟುತ್ತಿದ್ದಾಗ, ಅಪ್ಪನಿಗೆ ನಿರಾಸೆಯಾದೀತೆಂಬ ಭಯಕ್ಕೆ ಟ್ರಿಗರ್ ಎಳೆದವರು ಅವರಲ್ಲಿದ್ದಾರೆ. ಒಂದು ಜೀವವನ್ನು ತೆಗೆಯುವ ತೀರ್ಮಾನ ಇನ್ನೊಬ್ಬರ ಮುಖ ನೋಡಿ ಆಗಬಾರದು. ನಾನು ಅವಳಿಗೆ ಕಲಿಸಬೇಕೆಂದಿದ್ದ ಎಲ್ಲ ವಿದ್ಯೆಯೂ ಆ ತೀರ್ಮಾನವನ್ನು ಅವಳೇ ಮಾಡಲೆಂದು.

ಅಕ್ಟೋಬರಿನ ಮಕ್ಕಳ ಬೇಟೆಗೆ ನಾವು ಹೋದದ್ದು ವಿಸ್ಕಾನ್ಸಿನ್ನಿನದೇ ಆದ ಅಯೋವಾ ಕೌಂಟಿಯ ಹೊಲವೊಂದಕ್ಕೆ. ಹಿಮನದಿಗಳು ಮುಟ್ಟದೆ ಉಳಿದ, ಏಣು-ಕಣಿವೆಗಳ ಈ ಭಾಗವನ್ನು ಡ್ರಿಫ್ಟ್‌ಲೆಸ್ ಪ್ರದೇಶ ಎನ್ನುತ್ತಾರೆ; ಏಣಿನ ಮೇಲೆ ಮುಸುಕಿನ ಜೋಳ ಮತ್ತು ಕುದುರೆಮಸಾಲೆಯ ಹೊಲಗಳು, ಇಳಿಜಾರಿನಲ್ಲಿ ಓಕ್ ಮರಗಳ ಕಾಡು. ಹೊಲದ ಯಜಮಾನರು ನಮಗೆ ಬಹುಕಾಲದ ಪರಿಚಿತರು. ಮರದ ಮೇಲಿನ ಅಟ್ಟಣಿಗೆ ಅವರಲ್ಲಿತ್ತು, ಆದರೆ ಅಟ್ಟಣಿಗೆಯಿಂದ ಬೀಳುವುದು ಬೇಟೆಗಾರರಿಗೆ ಗಾಯವಾಗುವ ಪ್ರಮುಖ ಕಾರಣಗಳಲ್ಲೊಂದಾದ್ದರಿಂದ ನಾನು ನೆಲದ ಮೇಲಿನ ಮರೆಗೂಡಾರವನ್ನೇ ಆರಿಸಿದೆ. ಸೊಂಟದಿಂದ ಮೇಲಿನ ಹೊರಬಟ್ಟೆಯಲ್ಲಿ ಅರ್ಧದಷ್ಟಾದರೂ ಕಣ್ಣುಕುಕ್ಕುವ ಕಿತ್ತಳೆ ಇಲ್ಲವೇ ಗುಲಾಬಿ ಬಣ್ಣ ಇರಬೇಕು. 1980ರಿಂದ ಕಿತ್ತಳೆ ಕಡ್ಡಾಯ, ಗುಲಾಬಿಗೆ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಮಗಳು ಅಂಗಡಿಯಲ್ಲಿ ಎರಡನ್ನೂ ಹಾಕಿ ನೋಡಿ ಕಿತ್ತಳೆಯನ್ನೇ ತೆಗೆದುಕೊಂಡಳು. ಗೂಡಾರದೊಳಗೆ ಕುಳಿತಾಗ ಬಟ್ಟೆ ಹೊರಗೆ ಕಾಣುವುದಿಲ್ಲವಾದ್ದರಿಂದ, ಅದರ ನೆತ್ತಿಗೂ ಒಂದು ಕಿತ್ತಳೆ ಬಟ್ಟೆ ಕಟ್ಟಿದೆವು.

ಗಾಳಿ ನೋಡುವುದನ್ನು ಕಲಿಸಲು ಆ ತಿಂಗಳಿಗಿಂತ ಒಳ್ಳೆಯ ಕಾಲವಿಲ್ಲ. ಹೊಲದಂಚಿನ ಮಿಲ್ಕ್‌ವೀಡ್ ಕಾಯಿಗಳು ಆಗಷ್ಟೇ ಒಣಗಿ ಬಿರಿಯುತ್ತಿರುತ್ತವೆ; ನಮ್ಮೂರ ಎಕ್ಕದ ಕಾಯಿಯಂತೆಯೇ ಒಳಗೆ ಬೀಜ, ಬೀಜದ ತುದಿಗೆ ರೇಷ್ಮೆಯಂಥ ಬಿಳಿ ಎಳೆಗಳು. ಮಗಳು ಒಂದು ಕಾಯಿಯನ್ನು ಜೇಬಿನಲ್ಲಿಟ್ಟುಕೊಂಡು ಆಗಾಗ ಒಂದೊಂದೇ ಎಳೆ ಬಿಡುತ್ತಿದ್ದಳು. ಅದು ನಮ್ಮ ಮುಖದ ಮುಂದೆ ನೇರ ಹೋಗಿ, ಮೂವತ್ತು ಅಡಿ ಆಚೆ ಇಳಿಜಾರಿನ ಬಳಿ ತಟ್ಟನೆ ಕೆಳಕ್ಕೆ ಜಾರಿ, ಕಣಿವೆಯತ್ತ ತಿರುಗಿತು. ಕೆನ್ನೆಗೆ ತಾಗುವ ಗಾಳಿ ಹೇಳದ ಸಂಗತಿಯನ್ನು ಆ ಎಳೆ ಹೇಳಿತು: ಸಂಜೆ ತಂಪಾದಾಗ ನಮ್ಮ ವಾಸನೆ ಕಣಿವೆಗೆ ಇಳಿಯುತ್ತದೆ, ಜಿಂಕೆಗಳು ಮಲಗುವುದು ಅಲ್ಲಿಯೇ. ಜಾಗ ಬದಲಿಸೋಣ ಎಂದು ಹೇಳಿದವಳು ಅವಳು. ಗೂಡಾರವನ್ನು ಕಿತ್ತು ಹೊಲದ ಇನ್ನೊಂದು ಮೂಲೆಗೆ ಒಯ್ದೆವು.

ಭಾನುವಾರ ಸಂಜೆ, ಬೆಳಕು ಇನ್ನೂ ಚೆನ್ನಾಗಿರುವಾಗಲೇ, ಹೆಣ್ಣು ಜಿಂಕೆಯೊಂದು ಎರಡು ಮರಿಗಳೊಡನೆ ಕುದುರೆಮಸಾಲೆಯ ಹೊಲಕ್ಕೆ ಇಳಿಯಿತು. ಮರಿಗಳ ಮೈಯ ಚುಕ್ಕೆಗಳು ಆಗಲೇ ಮಾಸಿದ್ದವು. ದೂರ 50 ಗಜ, ತಾಯಿ ಪೂರ್ತಿ ಅಡ್ಡಲಾಗಿ ನಿಂತಿತ್ತು, ಹಿಂದೆ ಮಣ್ಣಿನ ದಿಬ್ಬ. ಮಗಳು ಕೋವಿಯನ್ನು ಮುಕ್ಕಾಲಿಯ ಮೇಲಿಟ್ಟು ಸ್ಕೋಪಿನಲ್ಲಿ ನೋಡಿದಳು. ಉಸಿರು ತಹಬಂದಿಗೆ ಬಂತು. ಬೆರಳು ಹೊರಗೇ ಇತ್ತು. ಆಮೇಲೆ ಸ್ಕೋಪಿನಿಂದ ಕಣ್ಣು ತೆಗೆಯದೆಯೇ ಕೇಳಿದಳು, "ಅಮ್ಮ, ಅವು ಇನ್ನೂ ಹಾಲು ಕುಡೀತಾವಾ?" ಸುಳ್ಳು ಹೇಳಲು ಕಾರಣವಿರಲಿಲ್ಲ. "ಇಲ್ಲ ಪುಟ್ಟಿ, ಬಿಟ್ಟಿರ್ತಾವೆ. ತಾಯಿ ಇಲ್ಲದಿದ್ರೂ ಈ ಚಳಿಗಾಲ ಬದುಕ್ತಾವೆ," ಎಂದೆ. ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು. "ಬೇಡ," ಎಂದಳು. ಸೇಫ್ಟಿ (ಟ್ರಿಗರಿನ ತಡೆ) ಮುಂಚಿನಂತೆಯೇ ಇದೆಯೆಂದು ನನಗೆ ತೋರಿಸಿ ಕೋವಿಯನ್ನು ಕೊಟ್ಟಳು. ಕತ್ತಲಾಗುವವರೆಗೂ ಆ ಮೂರು ಜಿಂಕೆಗಳು ಮೇಯುವುದನ್ನು ನೋಡುತ್ತ ಕುಳಿತೆವು. ಒಮ್ಮೆ ತಾಯಿ ಏನನ್ನೋ ಶಂಕಿಸಿ ಮುಂಗಾಲಿನಿಂದ ನೆಲವನ್ನು ಕುಟ್ಟಿತು. ಅದನ್ನು ಕಂಡು ಒಂದು ಮರಿಯೂ ಕಾಲೆತ್ತಿ ಕುಟ್ಟಿತು. ದಾರಿಯುದ್ದಕ್ಕೂ ಅವಳು ಅದರ ಬಗ್ಗೆಯೇ ಮಾತಾಡಿದಳು. ನಾನು ಒಪ್ಪಂದದಂತೆ ಏನನ್ನೂ ಕೇಳಲಿಲ್ಲ.

ನವೆಂಬರಿಗೆ ಬರುತ್ತೀಯಾ ಎಂದೂ ನಾನು ಕೇಳಲಿಲ್ಲ. ಋತು ಶುರುವಾಗುವ ಮುಂಚಿನ ವಾರ ಅವಳೇ ತನ್ನ ಉಣ್ಣೆಯ ಕಾಲುಚೀಲಗಳನ್ನು ತೆಗೆದಿಟ್ಟಿದ್ದಳು. ನವೆಂಬರಿನ ಕಾಡು ಅಕ್ಟೋಬರಿನದಲ್ಲ. ಎಲೆಗಳೆಲ್ಲ ಉದುರಿ ಕಣಿವೆಯ ಆಚೆ ಬದಿಯೂ ಕಾಣುತ್ತದೆ, ಶನಿವಾರ ಬೆಳಕು ಹರಿಯುತ್ತಲೇ ದೂರದ ಏಣುಗಳಿಂದ ಗುಂಡಿನ ಸದ್ದು ಕೇಳಲಾರಂಭಿಸುತ್ತದೆ. ಹೊಡೆಯಲು ಅನುಮತಿಯಿರುವುದು ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ. ಆದರೆ ಆ ಮಬ್ಬಿನಲ್ಲಿ ಮಗುವಿಗೆ ಗುರಿಯ ಹಿಂದೇನಿದೆ ಎಂದು ಖಚಿತವಾಗಿ ಕಾಣದು, ಆದ್ದರಿಂದ ಸೂರ್ಯ ಮೇಲೆ ಬರುವವರೆಗೂ ಕೋವಿಗೆ ತೋಟೆ ತುಂಬಬಾರದೆಂದು ನಾನು ನಿಯಮ ಮಾಡಿದ್ದೆ. ಚಳಿಗೆ ಮಕ್ಕಳು ಬೇಗ ಸೋಲುತ್ತಾರೆ. ಕಾಲಡಿಗೆ ದಪ್ಪ ಕಂಬಳಿ, ಕೈಚೀಲದೊಳಗೆ ಬಿಸಿಯ ಪೊಟ್ಟಣ, ಫ್ಲಾಸ್ಕಿನಲ್ಲಿ ಬೆಲ್ಲ ಹಾಕಿದ ಶುಂಠಿ ಕಷಾಯ ಇಟ್ಟುಕೊಂಡಿದ್ದೆವು, ನಡುಕ ಶುರುವಾದರೆ ಮರುಮಾತಿಲ್ಲದೆ ಮನೆಗೆ ಹೊರಡುವುದೆಂದು ಮಾತಾಗಿತ್ತು.

ಬೆಳಿಗ್ಗೆ ಒಂಬತ್ತು ದಾಟಿದ ಮೇಲೆ ಓಕ್ ಮರಗಳ ನಡುವಿನಿಂದ ಒಂಟಿ ಹೆಣ್ಣು ಜಿಂಕೆಯೊಂದು ಬಂತು. ಹಿಂದೆ ಮರಿ ಇದೆಯೇ ಎಂದು ಅವಳು ಬಹಳ ಹೊತ್ತು ಕಾದಳು, ನಾನೂ ದುರ್ಬೀನಿನಲ್ಲಿ ಹುಡುಕಿದೆ. ಯಾವುದೂ ಬರಲಿಲ್ಲ. ಜಿಂಕೆ ಎಲೆಗಳನ್ನು ಮೂತಿಯಿಂದ ಸರಿಸಿ ಓಕ್ ಕಾಯಿ ಹುಡುಕುತ್ತ ನಿಧಾನವಾಗಿ ಸಾಗಿ, 60 ಗಜದಲ್ಲಿ ಅಡ್ಡಲಾಗಿ ನಿಂತಿತು. "ಹಿಂದೆ ದಿಬ್ಬ ಇದೆ," ಎಂದು ಅವಳೇ ಹೇಳಿಕೊಂಡಳು. ಸೇಫ್ಟಿ ಸರಿಸಿದ ಸಣ್ಣ ಸದ್ದು ಕೇಳಿತು. ನಾನು ಮಾತಾಡಲಿಲ್ಲ. ಸದ್ದು ಸಿಡಿದಾಗ ಜಿಂಕೆ ಹಿಂಗಾಲುಗಳನ್ನು ಝಾಡಿಸಿ, ಬಾಲ ಇಳಿಬಿಟ್ಟುಕೊಂಡು ಇಳಿಜಾರಿನತ್ತ ಓಡಿ ಮರೆಯಾಯಿತು. ಮಗಳು ಬೋಲ್ಟ್ ಎಳೆದು ಎರಡನೆಯ ತೋಟೆ ಏರಿಸಿ, ಸೇಫ್ಟಿ ಹಾಕಿ, ನಳಿಗೆಯನ್ನು ಹೊಲದತ್ತಲೇ ಇಟ್ಟುಕೊಂಡು ಕುಳಿತಳು. ಬೇಸಿಗೆಯಲ್ಲಿ ಬೇಸರದಿಂದ ಕಲಿತದ್ದೆಲ್ಲ ಆ ಗಳಿಗೆಯಲ್ಲಿ ಕೈಗೆ ತಾನಾಗಿ ಬಂತು. ಮೈ ನಡುಗಲು ಶುರುವಾದದ್ದು ಅದಾದ ಮೇಲೆ. ಅವಳು ಅತ್ತಳು. ನಾನು ತಬ್ಬಿಕೊಂಡೆ, ಸಮಾಧಾನದ ಮಾತು ಹೇಳಲಿಲ್ಲ, ಅಳುವುದಕ್ಕೆ ಕಾರಣವಿತ್ತು.

ಅರ್ಧ ಗಂಟೆ ಕಾಯುವುದು ಕಡ್ಡಾಯವೆಂದೇ ತಿಳಿಯಬೇಕು. ಬೆನ್ನು ಹತ್ತಿದರೆ ಗಾಯಗೊಂಡ ಪ್ರಾಣಿ ಎದ್ದು ಇನ್ನಷ್ಟು ದೂರ ಹೋಗುತ್ತದೆ. ಆಮೇಲೆ ಅದು ನಿಂತಿದ್ದ ಜಾಗಕ್ಕೆ ಹೋದೆವು. ಕಂದು ಎಲೆಗಳ ಮೇಲೆ ತಿಳಿಗೆಂಪು ರಕ್ತ, ಅದರಲ್ಲಿ ಸಣ್ಣ ಸಣ್ಣ ನೊರೆಗುಳ್ಳೆಗಳು. ನೊರೆ ಇದ್ದರೆ ಶ್ವಾಸಕೋಶಕ್ಕೆ ತಾಗಿದೆ ಎಂದರ್ಥ, ಕಪ್ಪಾಗಿ ದಪ್ಪಗಿದ್ದರೆ ಯಕೃತ್ತು, ಹಸುರು ಬೆರೆತಿದ್ದರೆ ಹೊಟ್ಟೆ. ಹೊಟ್ಟೆಯಾದರೆ ಗಂಟೆಗಟ್ಟಲೆ ಕಾಯಬೇಕು. ಕಂಡ ಪ್ರತಿ ಹನಿಯ ಬಳಿಯೂ ಗಿಡದ ಕಡ್ಡಿಗೆ ಟಾಯ್ಲೆಟ್ ಕಾಗದದ ತುಣುಕು ಸಿಕ್ಕಿಸುತ್ತ ಅವಳು ಮುಂದೆ ನಡೆದಳು. ಹಿಂತಿರುಗಿ ನೋಡಿದರೆ ಆ ಬಿಳಿ ತುಣುಕುಗಳ ಸಾಲೇ ಜಿಂಕೆ ಓಡಿದ ದಿಕ್ಕನ್ನು ತೋರಿಸುತ್ತಿತ್ತು. ಬಿದ್ದ ಮರದ ಆಚೆ ಬದಿಯಲ್ಲಿ ಅದು ಸತ್ತು ಬಿದ್ದಿತ್ತು, ಬಹಳ ದೂರ ಹೋಗಿರಲಿಲ್ಲ. ಬೆನ್ನಿನ ಕಡೆಯಿಂದ ಹೋಗಿ ಉದ್ದ ಕಡ್ಡಿಯಿಂದ ಕಣ್ಣನ್ನು ಮುಟ್ಟಿ, ರೆಪ್ಪೆ ಅಲುಗಲಿಲ್ಲವೆಂದು ಖಚಿತವಾದ ಮೇಲೆ ಕೋವಿಯಿಂದ ತೋಟೆ ತೆಗೆಸಿದೆ. ಮಗಳು ಅದರ ಪಕ್ಕದಲ್ಲಿ ಮೊಣಕಾಲೂರಿ ಕುಳಿತು ಕುತ್ತಿಗೆಯ ಮೇಲೆ ಕೈಯಿಟ್ಟಳು. ಚಳಿಗಾಲದ ಕೂದಲು ಒರಟಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹಲ್ಲಿನ ಸಂದಿಯಲ್ಲಿ ಅಗಿದ ಓಕ್ ಕಾಯಿಯ ಹಳದಿ ಚೂರುಗಳಿದ್ದವು.

ಹೊಟ್ಟೆ ಸೀಳುವ ಕೆಲಸವನ್ನು ಅವಳಿಗೆ ತೋರಿಸದೆ ಮಾಡಬಹುದಿತ್ತು, ಅನೇಕರು ಹಾಗೆಯೇ ಮಾಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ; ಕೊಂದವರು ಆ ಕೆಲಸವನ್ನು ಕೊನೆಯವರೆಗೂ ಮಾಡಬೇಕು, ಮಗುವಾದರೂ ಅಷ್ಟೇ. ಇಬ್ಬರೂ ರಬ್ಬರ್ ಕೈಚೀಲ ಹಾಕಿಕೊಂಡೆವು. ಅವಳು ಹಿಂಗಾಲನ್ನು ಅಗಲಿಸಿ ಹಿಡಿದಳು. ಚಾಕುವಿನ ಅಲಗನ್ನು ಮೇಲ್ಮುಖ ಮಾಡಿ, ಎರಡು ಬೆರಳುಗಳ ನಡುವೆ ಹಿಡಿದು, ಕರುಳಿಗೂ ಮೂತ್ರಕೋಶಕ್ಕೂ ತಾಗದಂತೆ ಹೊಟ್ಟೆಯ ತೊಗಲನ್ನಷ್ಟೇ ಬಿಡಿಸುತ್ತ ಎದೆಗೂಡಿನವರೆಗೆ ಬಂದೆ. ಬಿಸಿ ಆವಿ ಎದ್ದಿತು. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಕತ್ತರಿಸಿ, ತೋಳು ಒಳಗೆ ಚಾಚಿ ಶ್ವಾಸನಾಳವನ್ನು ಕಡಿದು ಎಳೆದಾಗ ಒಳಗಿನದೆಲ್ಲ ಒಟ್ಟಿಗೆ ಹೊರಬಂತು. ಗುಂಡು ಎರಡೂ ಶ್ವಾಸಕೋಶಗಳನ್ನು ಹಾದುಹೋಗಿತ್ತು. ಫ್ರಿಜ್ಜಿನ ಬಾಗಿಲಿನ ತನ್ನ ಚಿತ್ರಕ್ಕೂ ಇದಕ್ಕೂ ಅವಳು ಹೋಲಿಸಿ ನೋಡಿದಳು, "ನಾನು ಬಿಡಿಸಿದ್ದಕ್ಕಿಂತ ದೊಡ್ಡದಿದಾವೆ," ಎಂದಳು. ಹೃದಯವನ್ನು ಅವಳೇ ಬೇರ್ಪಡಿಸಿ ಚೀಲಕ್ಕೆ ಹಾಕಿದಳು.

ಜಿಂಕೆ ಸಿಕ್ಕ ಮರುದಿನ ಸಂಜೆ 5 ಗಂಟೆಯೊಳಗೆ ಅದನ್ನು ಫೋನಿನಲ್ಲೋ ಅಂತರ್ಜಾಲದಲ್ಲೋ ನೋಂದಾಯಿಸಬೇಕು. ಅದು ಸುಲಭದ ಕೆಲಸ. ನಮ್ಮ ಕೌಂಟಿಯಲ್ಲಿ ತಪ್ಪಿಸಬಾರದ ಇನ್ನೊಂದು ಕೆಲಸವಿದೆ. 2002ರ ಫೆಬ್ರವರಿಯಲ್ಲಿ ಇಲ್ಲಿಗೆ ಹತ್ತಿರದ ಮೌಂಟ್ ಹೋರೆಬ್ ಸುತ್ತಲ ಜಿಂಕೆಗಳಲ್ಲಿ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ಮಾರಕ ರೋಗ ಪತ್ತೆಯಾಯಿತು. ಪ್ರಿಯಾನ್ ಎಂಬ ವಿಕೃತ ಪ್ರೋಟೀನಿನಿಂದ ಬರುವ ಇದು ಮಿದುಳನ್ನು ತೂತುತೂತು ಮಾಡುತ್ತದೆ, ಇದಕ್ಕೆ ಚಿಕಿತ್ಸೆಯಿಲ್ಲ, ಬೇಯಿಸಿದರೂ ನಾಶವಾಗುವುದಿಲ್ಲ, ರಾಜ್ಯದ ನೈಋತ್ಯ ಭಾಗದಲ್ಲಿ ಇಂದು ವ್ಯಾಪಕವಾಗಿ ಹರಡಿದೆ. ಮನುಷ್ಯರಿಗೆ ಬಂದ ಪ್ರಕರಣ ದೃಢಪಟ್ಟಿಲ್ಲವಾದರೂ, ರೋಗವಿರುವ ಜಿಂಕೆಯ ಮಾಂಸ ತಿನ್ನಬೇಡಿ ಎನ್ನುವುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ. ಪರೀಕ್ಷೆ ಉಚಿತ. ಕುತ್ತಿಗೆಯ ಒಂದಿಷ್ಟು ಭಾಗದೊಡನೆ ತಲೆಯನ್ನು ಬೇರ್ಪಡಿಸಿ, ಚೀಲದಲ್ಲಿ ಹಾಕಿ, ಜಿಂಕೆ ಸಿಕ್ಕ ಸ್ಥಳವನ್ನು ಚೀಟಿಯಲ್ಲಿ ಬರೆದು, ಇಲಾಖೆ ಇಟ್ಟಿರುವ ಪೆಟ್ಟಿಗೆಯಲ್ಲಿ ಬಿಟ್ಟು ಬಂದರೆ ಗಂಟಲಿನ ಹಿಂದಿನ ದುಗ್ಧಗ್ರಂಥಿಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಚೀಟಿಯನ್ನು ಮಗಳೇ ತುಂಬಿದಳು. ರೋಗವಿದೆ ಎಂದು ಬಂದರೆ ಮಾಂಸವನ್ನೆಲ್ಲ ಎಸೆಯಬೇಕಾಗುತ್ತದೆಂದು ಹೇಳಿದಾಗ ಅವಳಿಗೆ ಕೊಂದಾಗಿನಷ್ಟೇ ಸಂಕಟವಾಯಿತು. ಬೆನ್ನುಮೂಳೆಯನ್ನೂ ಮಿದುಳನ್ನೂ ಮುಟ್ಟದೆ, ಮೂಳೆಯಿಂದ ಮಾಂಸವನ್ನು ಬಿಡಿಸಿ, ಪೊಟ್ಟಣಗಳ ಮೇಲೆ ಪರೀಕ್ಷೆಯ ಸಂಖ್ಯೆ ಬರೆದು ಫ್ರೀಜರಿನ ಕೆಳಗಿನ ಖಾನೆಯಲ್ಲಿಟ್ಟೆವು. ಥ್ಯಾಂಕ್ಸ್‌ಗಿವಿಂಗ್ ಹಾಗೆಯೇ ಕಳೆಯಿತು.

ಡಿಸೆಂಬರಿನ ಆರಂಭದಲ್ಲಿ ಫಲಿತಾಂಶ ಬಂತು: ರೋಗ ಪತ್ತೆಯಾಗಿಲ್ಲ. ಅಂದೇ ಸಂಜೆ ತೊಡೆಯ ಮಾಂಸದ ಮೇಲಿನ ಬೆಳ್ಳಿಬಣ್ಣದ ಪೊರೆಯನ್ನು ಸುಲಿದು ತೆಗೆದೆ. ಕೊಬ್ಬನ್ನೂ ಪೂರ್ತಿ ತೆಗೆಯಬೇಕು. ಆಡಿನ ಕೊಬ್ಬಿನ ರುಚಿ ಇದಕ್ಕಿಲ್ಲ, ಬಾಯಿಯಲ್ಲಿ ಮೇಣದಂತೆ ಅಂಟುತ್ತದೆ. ಕಾಳುಮೆಣಸು, ಹುರಿದ ಕೊತ್ತಂಬರಿ, ಬೆಳ್ಳುಳ್ಳಿ ಅರೆದು, ಅಮ್ಮ ಕಳಿಸಿದ್ದ ವಾಟೆಹುಳಿ ಪುಡಿ ಹಾಕಿ, ನೀರು ಕಡಿಮೆ ಮಾಡಿ ಸಣ್ಣ ಉರಿಯಲ್ಲಿ ಬೇಯಿಸಿದೆ. ಜೊತೆಗೆ ಅಕ್ಕಿ ರೊಟ್ಟಿ. ಗಂಡ ತಮ್ಮ ಪಾಡಿಗೆ ಬದನೆಕಾಯಿ ಎಣ್ಣೆಗಾಯಿ ಮಾಡಿಕೊಂಡರು, ಊಟಕ್ಕೆ ಮಾತ್ರ ನಮ್ಮೊಡನೆಯೇ ಕುಳಿತರು. ಊಟ ಮುಗಿಸಿ ಅಪ್ಪನಿಗೆ ಫೋನ್ ಮಾಡಿದೆವು. ಮೊಮ್ಮಗಳು ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು, ಅಕ್ಟೋಬರಿನಲ್ಲಿ ಬೇಡವೆಂದದ್ದನ್ನೂ. ಅಪ್ಪ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, "ಮರಿ ಇದ್ದಿದ್ದನ್ನ ಬಿಟ್ಟಿದ್ದು ಒಳ್ಳೇದಾಯ್ತು ಮಗಾ," ಎಂದರು, "ಆ ಹೊಲದ ಯಜಮಾನ್ರಿಗೆ ಪಾಲು ಕೊಟ್ರಾ?" ಮರುದಿನವೇ ಕೊಟ್ಟು ಬಂದೆವು, ಬೆನ್ನಿನ ಉದ್ದಕ್ಕೂ ಬರುವ ಅತ್ಯಂತ ಮೆದು ಭಾಗದಲ್ಲಿ ಅರ್ಧವನ್ನು. ಅದನ್ನೇ ಕೊಡಬೇಕೆಂದು ಆರಿಸಿದವಳೂ ಮಗಳೇ.

ಈ ವಸಂತದಲ್ಲಿ ಅವಳಿಗೆ 12 ತುಂಬುತ್ತದೆ. ಸುರಕ್ಷತಾ ತರಬೇತಿಯ ತರಗತಿಗೆ ಹೆಸರು ಬರೆಸಿದ್ದೇವೆ; ಪ್ರಮಾಣಪತ್ರ ಸಿಕ್ಕರೆ ಅವಳು ನನ್ನ ಕೈಗೆಟುಕುವಷ್ಟು ಹತ್ತಿರವೇ ಇರಬೇಕೆಂದಿಲ್ಲ, 14 ಆಗುವವರೆಗೆ ಹೆತ್ತವರಲ್ಲೊಬ್ಬರೋ ಪೋಷಕರೋ ಜೊತೆಯಲ್ಲಿದ್ದರೆ ಸಾಕು. ಮುಂದಿನ ಋತುವಿಗೂ ಅದೇ ಹೊಲ, ಅದೇ ಒಪ್ಪಂದ ಎಂದು ಮಾತಾಗಿದೆ. ಒಂದು ತಿದ್ದುಪಡಿಯನ್ನು ಅವಳು ಸೇರಿಸಿದ್ದಾಳೆ: ಮುಂದಿನ ಸಲ ಒಂದು ದಿನವಾದರೂ ಕೋವಿ ನನ್ನ ಕೈಯಲ್ಲಿರಬೇಕು, ದುರ್ಬೀನು ಅವಳ ಕೈಯಲ್ಲಿ, ಮತ್ತು ನಾನು "ಬೇಡ" ಎಂದರೆ ಅವಳೂ ಏಕೆಂದು ಕೇಳುವುದಿಲ್ಲ.